ಸತ್ತ ಸೆಲ್ಲಿಗೆ ಬಿಸಿಲ ಮದ್ದು

ನಮ್ಮ ಕಾಕಾರ ಮನೆಯಲ್ಲಿ ಸೆಲ್ಲು ಸಾಯುವುದಿಲ್ಲ, ವರ್ಗವಾಗುತ್ತದೆ. ಅಂಗಡಿಯಿಂದ ಬಂದ ಹೊಸ ಪೆನ್ಸಿಲ್ ಸೆಲ್ಲಿನ ಮೊದಲ ನೇಮಕ ಕ್ಯಾಮೆರಾದಲ್ಲಿ. ಅಲ್ಲಿ ನಾಲ್ಕು ಫೋಟೋ ತೆಗೆದು ಉಸ್ಸಪ್ಪಾ ಎಂದು ಕೂತಿತೋ, ಎತ್ತಂಗಡಿ ಮಾಡಿ ಬ್ಯಾಟರಿಗೆ ಹಾಕುತ್ತಾರೆ. ಕರೆಂಟು ಹೋದಾಗ ಹಿತ್ತಲಿಗೆ ಹಿಡಿದುಕೊಂಡು ಹೋಗುವ ಬ್ಯಾಟರಿ. ಅದರ ಬೆಳಕು ಅರಿಶಿಣ ಬಣ್ಣಕ್ಕೆ ತಿರುಗಿದ ದಿನ ಅಡುಗೆಮನೆಯ ರೇಡಿಯೋಕ್ಕೆ ವರ್ಗ. ರೇಡಿಯೋದೊಳಗೆ ಧಾರವಾಡ ಆಕಾಶವಾಣಿಯ ವಾರ್ತೆ ಓದುವವರಿಗೆ ಗಂಟಲು ಕಟ್ಟಿದಂತಾದರೆ ಗೋಡೆಯ ಗಡಿಯಾರಕ್ಕೆ. ಗಡಿಯಾರದಲ್ಲಿ ತಿಂಗಳುಗಟ್ಟಲೆ ಸೇವೆ. ಅದೂ ನಿಂತ ಮೇಲೆ ಮೊಮ್ಮಗನ ಕೈಗೆ, ಆಟದ ಲಾರಿಯ ಮೇಲೆ ಸರಕಾಗಿ. ಅಲ್ಲಿಂದ ಮುಂದೆ ಅದು ಕಳೆದುಹೋಗುತ್ತದೆಯೇ ಹೊರತು ಯಾರೂ ಅದನ್ನು ಒಗೆದದ್ದನ್ನು ನಮ್ಮೂರು ಬೆಟಗೇರಿಯಲ್ಲಿ ಕಂಡವರಿಲ್ಲ.

ಈ ಪದ್ಧತಿ ನೋಡಿ ನಾವೆಲ್ಲ ನಗುತ್ತೇವೆ. ಆದರೆ ಹೇಳಬೇಕಾದದ್ದು ಹೇಳಬೇಕು, ವಿಜ್ಞಾನದ ಲೆಕ್ಕದಲ್ಲಿ ಕಾಕಾ ಬರೋಬ್ಬರಿ ಇದ್ದಾರೆ. ಕ್ಯಾಮೆರಾದಲ್ಲಿ ಸತ್ತ ಸೆಲ್ಲು ನಿಜವಾಗಿ ಸತ್ತಿರುವುದಿಲ್ಲ. ಅದರ ಹೊಟ್ಟೆಯಲ್ಲಿ ಇನ್ನೂ ಬೇಕಾದಷ್ಟು ಉಳಿದಿರುತ್ತದೆ, ಆದರೆ ಕ್ಯಾಮೆರಾ ಕೇಳಿದ ವೇಗಕ್ಕೆ ಕೊಡಲಾಗುವುದಿಲ್ಲ. ಗೋಡೆಯ ಗಡಿಯಾರ ಬೇಡುವುದು ಒಂದು ಮಿಲಿಆಂಪಿಯರಿಗಿಂತ ಕಡಿಮೆ. ಡಿಜಿಟಲ್ ಕ್ಯಾಮೆರಾ ಲೆನ್ಸು ಹೊರಗೆ ಚಾಚಿ, ಹಿಂದಿನ ಪರದೆ ಬೆಳಗಿಸಿ, ಫ್ಲ್ಯಾಶಿಗೆ ತುಂಬಿಸುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ಆಂಪಿಯರು, ಕೆಲವೊಮ್ಮೆ ಅದಕ್ಕೂ ಮೇಲೆ ಎಳೆಯುತ್ತದೆ. ಸಾವಿರಾರು ಪಟ್ಟು ವ್ಯತ್ಯಾಸ. ಒಂದೇ ಸೆಲ್ಲು ಒಂದು ಮನೆಯಲ್ಲಿ ಹೆಣ, ಇನ್ನೊಂದರಲ್ಲಿ ದುಡಿಯುವ ಆಳು ಆಗುವುದು ಹೀಗೆ.

ತಪ್ಪಿರುವುದು ಕಾಕಾರ ಮೊದಲ ಮೆಟ್ಟಿಲಿನಲ್ಲಿ. ಗಡಿಯಾರಕ್ಕೆಂದು ಮಾರುವ ಸೆಲ್ಲನ್ನು ಕ್ಯಾಮೆರಾಕ್ಕೆ ಹಾಕುವುದರಲ್ಲಿ.

ಆ ಕ್ಯಾಮೆರಾದ ಕತೆ ಸ್ವಲ್ಪ ಹೇಳಿಬಿಡುತ್ತೇನೆ. ಮೊದಲು ಕಾಕಾರ ಹತ್ತಿರ ಯಾಶಿಕಾ ಎಂಎಫ್-2 ಇತ್ತು. ಆಗಿನ ಕಾಲಕ್ಕೆ ಊರಲ್ಲಿ ಸ್ವಂತ ಕ್ಯಾಮೆರಾ ಇಟ್ಟವರಲ್ಲಿ ಬಹಳ ಜನರ ಹತ್ತಿರ ಇದ್ದದ್ದು ಅದೇ. ಅದಕ್ಕೂ ಎರಡು ಪೆನ್ಸಿಲ್ ಸೆಲ್ಲೇ, ಆದರೆ ಫ್ಲ್ಯಾಶಿಗೆ ಮಾತ್ರ. ರೀಲು ಮುಂದಕ್ಕೆ ತಿರುಗಿಸುವುದು ನಮ್ಮ ಹೆಬ್ಬೆರಳು. ಹಗಲಲ್ಲಿ ಸೆಲ್ಲೇ ಬೇಡ. ಮೂವತ್ತಾರರ ರೀಲು ಮುಗಿಯಲು ಒಂದು ಸೀಮಂತ, ಒಂದು ಜವಳ, ಒಂದು ಜಾತ್ರೆ ಬೇಕು. ಹಾಗಾಗಿ ಎರಡು ಸೆಲ್ಲು ಹಾಕಿದರೆ ವರ್ಷ ಅದರ ಸುದ್ದಿ ಇಲ್ಲ. ಆಮೇಲೆ ಪುಣೆಯ ಅಳಿಯ ತಂದುಕೊಟ್ಟದ್ದು ಡಿಜಿಟಲ್. ಕ್ಯಾನನ್ನಿನ ಪವರ್‌ಶಾಟ್ ಎ ಸಾಲು, ನಿಕಾನ್ ಕೂಲ್‌ಪಿಕ್ಸ್ ಎಲ್ ಸಾಲು ಅಂತೆಲ್ಲ ಪೆನ್ಸಿಲ್ ಸೆಲ್ಲಿನ ಕ್ಯಾಮೆರಾಗಳು ಮನೆಮನೆ ಹೊಕ್ಕ ಕಾಲ ಅದು. ಕಾಕಾ ಡಬ್ಬಿ ಬಿಚ್ಚಿ, ಕೆಳಗಿನ ಬಾಗಿಲು ತೆಗೆದು, ಎರಡು ಸೆಲ್ಲಿನ ಗೂಡು ನೋಡಿ ಸಂತೋಷಪಟ್ಟರು. “ಪರಿಚಯದ ಮುಖಾ ಐತಿ” ಅಂದರು. ಓಣಿಯ ತುದಿಯ ಪಾನ್ ಅಂಗಡಿಗೆ ಹೋಗಿ, ಗಡಿಯಾರಕ್ಕೆ ಕೊಡುವ ಅಗ್ಗದ ಸೆಲ್ಲು ಎರಡು ತಂದು ಹಾಕಿದರು.

ಲೆನ್ಸು ಜುರ್ರೆಂದು ಹೊರಗೆ ಬಂತು. ಚಿಗವ್ವನ ಫೋಟೋ ಒಂದು. ತುಳಸಿಕಟ್ಟೆಯದು ಒಂದು. ಮಗ್ಗದ ಮುಂದೆ ಸೀರೆ ಹಿಡಿದು ನಿಂತ ತಮ್ಮದೇ ಒಂದು ತೆಗೆಸಿಕೊಳ್ಳೋಣ ಎಂದು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಲೆನ್ಸು ಒಳಗೂ ಹೋಗದೆ, ಹೊರಗೂ ಬರದೆ, ನಾಲಗೆ ಚಾಚಿಕೊಂಡೇ ನಿಂತಿತು.

“ಅಳಿಯಂದು ಮಾಲು ಹಿಂಗ ಇರತೈತಿ” ಅಂದರು ಕಾಕಾ.

ಅಳಿಯನ ತಪ್ಪೇನೂ ಇರಲಿಲ್ಲ. ಆದರೆ ನಮ್ಮ ಕಡೆ ಅಳಿಯನ ಪರ ವಕಾಲತ್ತು ವಹಿಸುವ ಧೈರ್ಯ ಯಾರಿಗಿದೆ?

ಆಮೇಲೆ ಶುರುವಾದದ್ದು ಚಿಕಿತ್ಸೆ. ಸೆಲ್ಲನ್ನು ಅಂಗೈಯಲ್ಲಿ ಉಜ್ಜುವುದು, ಒಂದಕ್ಕೊಂದು ಕುಟ್ಟುವುದು, ಹಲ್ಲಿನಲ್ಲಿ ಕಚ್ಚಿ ತಗ್ಗು ಮಾಡುವುದು, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕುವುದು. ಯಾವುದೂ ನಾಟದಿದ್ದರೆ ಮಾಳಿಗೆಯ ಮೇಲೆ ಬಿಸಿಲಿಗೆ. ರೇಡಿಯೋ ಕಾಲದವರಿಗೆಲ್ಲ ಗೊತ್ತಿರುವ ಮದ್ದು ಇದು. ಸಂಜೆಯ ಕಾರ್ಯಕ್ರಮ ಕೇಳಬೇಕೆಂದರೆ ಮಧ್ಯಾಹ್ನವೇ ಸೆಲ್ಲುಗಳನ್ನು ಹಪ್ಪಳದ ಪಕ್ಕ ಹರವುತ್ತಿದ್ದರು. ಗದಗ ಸೀಮೆಯ ಬಿಸಿಲು, ಅದರಲ್ಲೂ ಚೈತ್ರ ವೈಶಾಖದ್ದು, ಸತ್ತವರನ್ನೂ ಎಬ್ಬಿಸೀತು. ಸೆಲ್ಲು ಯಾವ ಲೆಕ್ಕ?

ಇದೂ ಮೂಢನಂಬಿಕೆ ಅಲ್ಲ. ಸಾದಾ ಸೆಲ್ಲಿನ ಹೊರಗಿನದು ಸತುವಿನ ಡಬ್ಬಿ, ನಟ್ಟನಡುವೆ ಇದ್ದಿಲ ಕಡ್ಡಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕರಿ ಹಿಟ್ಟು. ಸಣ್ಣವರಿದ್ದಾಗ ಕಲ್ಲಿನಿಂದ ಒಡೆದು ಆ ಕಡ್ಡಿ ತೆಗೆದು ಗೋಡೆಯ ಮೇಲೆ ಮಾಸ್ತರರ ಚಿತ್ರ ಬರೆದವರಿಗೆ ಈ ಅಂಗರಚನೆ ಬಾಯಿಪಾಠ. ಒಮ್ಮೆಲೇ ಕರೆಂಟು ಎಳೆದರೆ ಒಳಗೆ ಕೆಲಸ ಮುಗಿಸಿದ ಸರಕು ಕಡ್ಡಿಯ ಸುತ್ತ ಗುಂಪುಗಟ್ಟಿ ದಾರಿ ಕಟ್ಟುತ್ತದೆ. ಕೊಂಚ ವಿಶ್ರಾಂತಿ, ಕೊಂಚ ಶಾಖ ಸಿಕ್ಕರೆ ಗುಂಪು ಚದುರಿ ಮತ್ತೆ ಒಂದಿಷ್ಟು ಕರೆಂಟು ಹರಿಯುತ್ತದೆ. ರೇಡಿಯೋಕ್ಕೆ ಅಷ್ಟು ಸಾಕು, ಒಂದು ಸಂಜೆ ಕಳೆಯುತ್ತದೆ. ಕ್ಯಾಮೆರಾಕ್ಕೆ ಸಾಲದು. ಕ್ಯಾಮೆರಾ ಆ ಒಂದಿಷ್ಟನ್ನು ಕಣ್ಣು ಬಿಡುವುದಕ್ಕೇ ಖರ್ಚು ಮಾಡಿ ಮತ್ತೆ ಮಲಗುತ್ತದೆ.

ಈ ಸೆಲ್ಲಿನ ಮುತ್ತಜ್ಜನನ್ನು ಜಾರ್ಜ್ ಲೆಕ್ಲಾಂಶೆ ಎಂಬ ಫ್ರಾನ್ಸಿನವ ಮಾಡಿದ್ದು 1866ರಲ್ಲಿ. ಕಾಕತಾಳೀಯ ನೋಡಿ, ಅದೇ 1866ರಲ್ಲಿ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ದೊಡ್ಡ ಫೋಟೋ ಪುಸ್ತಕ ಅಚ್ಚಾಯಿತು. ಪಿಗೌ, ನೀಲ್, ಬಿಗ್ಸ್ ಎಂಬ ಮೂವರು ನಮ್ಮ ಸೀಮೆಯ ಗುಡಿಗಳ ಮುಂದೆ ದೊಡ್ಡ ದೊಡ್ಡ ಪೆಟ್ಟಿಗೆ ಹೂಡಿಕೊಂಡು ತೆಗೆದ ಫೋಟೋಗಳು. ಅವರಿಗೆ ಸೆಲ್ಲಿನ ಹಂಗಿರಲಿಲ್ಲ, ಬಿಸಿಲೇ ಸಾಕಿತ್ತು. ಇದನ್ನು ಹೇಳಿದಾಗಿನಿಂದ ಕಾಕಾ “ನಾ ಹೇಳಿದ್ನೆಲ್ಲ, ಬಿಸಿಲಾಗ ಇಡಬೇಕಂತ” ಎಂದು ಶುರು ಮಾಡಿದ್ದಾರೆ. ಇತಿಹಾಸ ಹೇಳಿದವನಿಗೆ ಸಿಗುವ ಸಂಬಳ ಇದೇ.

ಹೀಗಿರುವಾಗ ಚಾರ್ಜಿನ ಸೆಲ್ಲಿನ ಪ್ರಸ್ತಾಪ ತೆಗೆದವನು ನಾನೇ. ತೆಗೆದದ್ದು ಬೆಟಗೇರಿ ಬಸ್‌ಸ್ಟ್ಯಾಂಡಿನ ಹತ್ತಿರ, ಗಿರಮಿಟ್ಟಿನ ತಟ್ಟೆ ಕೈಯಲ್ಲಿದ್ದಾಗ. ಕಾಕಾರ ಹತ್ತಿರ ಹೊಸ ವಿಚಾರ ಎತ್ತಬೇಕಾದರೆ ಅವರ ಬಾಯಲ್ಲಿ ಮೆಣಸಿನಕಾಯಿ ಬಜಿ ಇರಬೇಕು. ಉತ್ತರ ಬರುವ ಮುಂಚೆ ಅರ್ಧ ಮಾತು ಮುಗಿಸಬಹುದು.

“ಕಾಕಾ, ಕ್ಯಾಮೆರಾಕ್ಕ ಚಾರ್ಜ್ ಮಾಡೂ ಸೆಲ್ ತಗೊಂಬಿಡ್ರಿ. ಒಮ್ಮೆ ರೊಕ್ಕಾ ಹಾಕಿದ್ರ ವರ್ಷಾನುಗಟ್ಟಲೆ ಬರ್ತಾವು.”

ಬಜಿ ಇಳಿಯಿತು. “ಎಷ್ಟು ವೋಲ್ಟ್ ಅದು?”

“ಒಂದು ಪಾಯಿಂಟ್ ಎರಡು.”

“ಇದು?”

“ಒಂದೂವರಿ.”

ಕಾಕಾ ಸುತ್ತ ನಿಂತವರ ಮುಖ ನೋಡಿದರು, ಸಾಕ್ಷಿಗೆ. “ಕೇಳಿದ್ರೇನು? ಜಾಸ್ತಿ ರೊಕ್ಕಾ ಕೊಟ್ಟು ಕಡಿಮಿ ಕರೆಂಟ್ ತಗೋ ಅಂತಾನ ನಮ್ಮ ಹುಡುಗ. ಇಂಜಿನಿಯರಿಂಗ್ ಓದಿಸಿದ್ದಕ್ಕ ಇದು.”

ಗಿರಮಿಟ್ಟಿನ ಅಂಗಡಿಯಲ್ಲಿ ಬಹುಮತ ಅವರದೇ ಆಯಿತು. ಒಂದೂವರೆ ದೊಡ್ಡದು, ಒಂದು ಪಾಯಿಂಟ್ ಎರಡು ಸಣ್ಣದು, ಇದರಲ್ಲಿ ವಾದಕ್ಕೇನಿದೆ? ಆದರೆ ಒಂದೂವರೆ ವೋಲ್ಟ್ ಎನ್ನುವುದು ಸೆಲ್ಲು ಪಾಕೀಟಿನಲ್ಲಿ ಹಾಯಾಗಿ ಮಲಗಿದ್ದಾಗಿನ ಮಾತು. ಕೆಲಸಕ್ಕೆ ಹಚ್ಚಿದ ಕೂಡಲೇ ಇಳಿಯಲು ಶುರು. ಒಳಗಿನ ತಡೆ ಜಾಸ್ತಿ ಇರುವುದರಿಂದ ಕ್ಯಾಮೆರಾ ಜೋರಾಗಿ ಎಳೆದಾಗಲೆಲ್ಲ ಮುಗ್ಗರಿಸುತ್ತದೆ. ಒಂದು ಮೂರು, ಒಂದು ಎರಡು, ಒಂದು ಒಂದು ಎಂದು ಇಳಿಯುತ್ತಾ ಹೋಗಿ, ಕ್ಯಾಮೆರಾ ಸಹಿಸುವ ಮಟ್ಟದ ಕೆಳಗೆ ಜಾರಿದರೆ ಆಟ ಮುಗಿಯಿತು. ಚಾರ್ಜಿನ ಸೆಲ್ಲು, ಅಂದರೆ ನಿಕಲ್-ಮೆಟಲ್ ಹೈಡ್ರೈಡ್ ಜಾತಿಯದು, ಒಳತಡೆ ಬಹಳ ಕಡಿಮೆ ಇರುವಂಥದು. ಒಂದು ಪಾಯಿಂಟ್ ಎರಡು ಎಂದರೆ ಒಂದು ಪಾಯಿಂಟ್ ಎರಡು. ಎಷ್ಟೇ ಎಳೆದರೂ ಹತ್ತಿರ ಹತ್ತಿರ ಅಷ್ಟರಲ್ಲೇ ನಿಂತು, ಕೊನೆಯವರೆಗೆ ಅಲುಗದೆ, ಮುಗಿದಾಗ ಮಾತ್ರ ಒಮ್ಮೆಲೇ ಕುಸಿಯುತ್ತದೆ. ಕ್ಯಾಮೆರಾ ಕಂಪನಿಯವರ ಕೈಪಿಡಿ ತೆಗೆದು ನೋಡಿದರೂ ಸಾಕು: ಅಲ್ಕಲೈನ್ ಸೆಲ್ಲಿಗೆ ಇಷ್ಟು ಫೋಟೋ ಎಂದು ಬರೆದ ಪಕ್ಕದಲ್ಲೇ ಚಾರ್ಜಿನ ಸೆಲ್ಲಿಗೆ ಅದರ ದುಪ್ಪಟ್ಟೋ ಮೂರು ಪಟ್ಟೋ ಬರೆದಿರುತ್ತಾರೆ. ಪಾನ್ ಅಂಗಡಿಯ ಗಡಿಯಾರದ ಸೆಲ್ಲಿನ ಹೆಸರಂತೂ ಆ ಪಟ್ಟಿಯಲ್ಲೇ ಬರುವುದಿಲ್ಲ.

ಇದನ್ನೆಲ್ಲ ಹೇಳಿದೆ. ಕಾಕಾ ಎರಡನೇ ಬಜಿ ತೆಗೆದುಕೊಂಡರು.

ಅವರ ನಿಜವಾದ ತಕರಾರು ವೋಲ್ಟಿನದಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಕಾಕಾ ಪವರ್‌ಲೂಮ್ ಹಾಕಿದವರು. ಅವರಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಾಗ ಕೈ ಸೋತರೆ ಮಾತ್ರ ಮಗ್ಗ ನಿಲ್ಲುತ್ತಿತ್ತು. ಇವರ ಕಾಲಕ್ಕೆ ಕರೆಂಟು ಹೋದರೆ ಮಗ್ಗ ನಿಂತಿತು. ಹೊಕ್ಕಿನ ನೂಲು ಅರ್ಧಕ್ಕೆ, ಲಾಳಿ ಅರ್ಧದಾರಿಗೆ, ಸೀರೆಯ ಸೆರಗು ಅರ್ಧಕ್ಕೆ. ಬೆಟಗೇರಿಯ ನೇಕಾರ ಓಣಿಗಳಲ್ಲಿ ಖಟಖಟ ಸದ್ದು ಒಮ್ಮೆಲೇ ನಿಂತಾಗ ಬೀಳುವ ಆ ಮೌನದಲ್ಲಿ ಎಷ್ಟು ಬೈಗುಳ ಕೇಳಿಸುತ್ತವೆ ಎಂಬುದು ಅಲ್ಲಿ ಬೆಳೆದವರಿಗೆ ಗೊತ್ತು.

“ಲೇ ತಮ್ಮಾ, ಮಗ್ಗಾ ಕರೆಂಟಿನ ಕೈಯಾಗ ಕೊಟ್ಟೇನಿ. ನೀರು ಕರೆಂಟಿನ ಕೈಯಾಗ. ಮಿಕ್ಸಿ, ಗಿರಣಿ ಎಲ್ಲಾ ಅದರ ಕೈಯಾಗ. ಕಿಸೆದಾಗ ಇಟಗೊಂಡು ಅಡ್ಡಾಡೂ ಕರೆಂಟ್ ಇದೊಂದ ಉಳದೈತಿ, ಸೆಲ್. ಇದನ್ನೂ ಒಯ್ದು ಆ ಪ್ಲಗ್ಗಿಗೆ ಅಡವು ಇಡ್ಲೇನು?”

ಇದಕ್ಕೆ ನನ್ನ ಹತ್ತಿರ ವೋಲ್ಟಿನ ಉತ್ತರ ಇರಲಿಲ್ಲ. ಲೆಕ್ಕದ ಉತ್ತರ ಹಿಡಿದೆ. ನಾಲ್ಕು ಚಾರ್ಜಿನ ಸೆಲ್ಲು ಪೂರ್ತಿ ತುಂಬಿಸಲು, ಚಾರ್ಜರ್ ಬಿಸಿಯಾಗಿ ಪೋಲು ಮಾಡುವುದನ್ನೂ ಸೇರಿಸಿ, ಇಪ್ಪತ್ತು ವ್ಯಾಟ್-ಗಂಟೆ ಅಂತಲೇ ಇಟ್ಟುಕೊಳ್ಳಿ. ಒಂದು ಯೂನಿಟ್ ಎಂದರೆ ಸಾವಿರ. ಅಂದರೆ ಒಂದು ಯೂನಿಟ್ಟಿನಲ್ಲಿ ನಾಲ್ಕರ ಜೊತೆಯನ್ನು ಐವತ್ತು ಸಲ ತುಂಬಿಸಬಹುದು. ಗೃಹಜ್ಯೋತಿ ಬಂದ 2023ರಿಂದ, ಮನೆಯ ಹಿಂದಿನ ಸರಾಸರಿಯನ್ನು ಬಹಳ ಮೀರದಿದ್ದರೆ, 200 ಯೂನಿಟ್ಟಿನವರೆಗೆ ಬಿಲ್ಲೇ ಇಲ್ಲ. ಹೋಗಲಿ, ಕಪ್ಪತಗುಡ್ಡದ ಕಡೆ ನೋಡಿ, ಗಾಳಿಯಂತ್ರ ಸಾಲಾಗಿ ನಿಂತಿವೆ. ಎರಡು ಮೆಗಾವ್ಯಾಟಿನ ಒಂದು ಯಂತ್ರ ಪೂರ್ತಿ ಜೋರಿನಲ್ಲಿ ತಿರುಗಿದರೆ ಒಂದು ಸೆಕೆಂಡಿನಲ್ಲಿ ಅರ್ಧ ಯೂನಿಟ್ಟು. ಕಾಕಾ ಒಮ್ಮೆ ಸೀನಿ ಮುಗಿಸುವಷ್ಟರಲ್ಲಿ ಅವರ ಸೆಲ್ಲು ಇಪ್ಪತ್ತೈದು ಸಲ ತುಂಬುವಷ್ಟು ಕರೆಂಟು ನಮ್ಮ ಗುಡ್ಡದ ಮೇಲೇ ಹುಟ್ಟುತ್ತದೆ!

ಕಾಕಾ ಲೆಕ್ಕದಲ್ಲಿ ನನಗಿಂತ ಗಟ್ಟಿ. “ಗಾಳಿ ಯಾವಾಗ ಬೀಸತೈತಿ?”

“ಆಷಾಢದಾಗ ಜೋರು.”

“ಲಗ್ನ ಯಾವಾಗ ಆಗ್ತಾವು?”

“ವೈಶಾಖದಾಗ.”

“ಆಷಾಢದಾಗ ಲಗ್ನ ಆಗ್ತಾವೇನು?”

“ಇಲ್ಲ.”

“ಹಂಗಾರ ನಿನ್ನ ಗಾಳಿ ತಗೊಂಡು ನಾ ಯಾರ ಫೋಟೋ ತೆಗೀಲಿ?”

ಗಿರಮಿಟ್ಟಿನ ರೊಕ್ಕ ನಾನೇ ಕೊಟ್ಟು ಬಂದೆ.

ಲಗ್ನದ ಮಾತು ಬಂದಿದ್ದರಿಂದ ಹೇಳುತ್ತೇನೆ. ಈ ಸೆಲ್ಲಿನ ಶಾಸ್ತ್ರ ಪೂರ್ತಿ ಅರಗಿಸಿಕೊಂಡವರು ಊರಿನಲ್ಲಿ ಯಾರಾದರೂ ಇದ್ದರೆ ಅವರು ಲಗ್ನದ ಫೋಟೋಗ್ರಾಫರುಗಳು. ಕ್ಯಾಮೆರಾ ಎಷ್ಟೇ ಹೊಸದಾಗಲಿ, ಅದರೊಳಗೆ ಲಿಥಿಯಮ್ ಪ್ಯಾಕು ಬಂದು ಕೂತಿರಲಿ, ನೆತ್ತಿಯ ಮೇಲಿನ ಫ್ಲ್ಯಾಶುಗಳಲ್ಲಿ ಬಹಳಷ್ಟು ಇನ್ನೂ ಉಣ್ಣುವುದು ನಾಲ್ಕು ಪೆನ್ಸಿಲ್ ಸೆಲ್ಲನ್ನೇ. ಒಮ್ಮೆ ಮಿಂಚಿದ ಮೇಲೆ ಕುಂಯ್ ಎಂದು ಸಣ್ಣಗೆ ಅಳುತ್ತಾ ಒಳಗಿನ ಕೆಪಾಸಿಟರಿಗೆ ಮತ್ತೆ ತುಂಬಿಸಿಕೊಳ್ಳಬೇಕು. ಆಮೇಲೆ ಕೆಂಪು ದೀಪ. ಅಂಗಡಿಯ ಸೆಲ್ಲಿನಲ್ಲಿ ಈ ಅಳು ದೊಡ್ಡದು, ಸೆಲ್ಲು ಹಳತಾದಷ್ಟೂ ಇನ್ನೂ ಉದ್ದ. ಚಾರ್ಜಿನ ಸೆಲ್ಲಿನಲ್ಲಿ ಅಳು ಶುರುವಾಗುವಷ್ಟರಲ್ಲೇ ದೀಪ ಹೊತ್ತಿರುತ್ತದೆ. ಒಂದೆರಡು ಸೆಕೆಂಡಿನ ಫರಕು. ಎರಡು ಸೆಕೆಂಡಿನಲ್ಲಿ ಏನು ಮಹಾ ಎನ್ನುವವರು ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ಫೋಟೋಗ್ರಾಫರನ ಪಕ್ಕ ನಿಂತು ನೋಡಬೇಕು. ಭಜಂತ್ರಿಯವರು ಜೋರು ಮಾಡುತ್ತಾರೆ, ಎಲ್ಲ ಕೈ ಒಮ್ಮೆಲೇ ಮೇಲೇಳುತ್ತವೆ, ಮದುಮಗಳು ತಲೆ ತಗ್ಗಿಸುತ್ತಾಳೆ. ಆ ಹೊತ್ತಿಗೆ ಫ್ಲ್ಯಾಶು ಕುಂಯ್ ಎನ್ನುತ್ತಿದ್ದರೆ ಮುಗಿಯಿತು. “ಇನ್ನೊಮ್ಮೆ ಒಗೀರಿ” ಎಂದು ಅವನು ಕೇಳಬೇಕು, ನೆಲಕ್ಕೆ ಬಿದ್ದ ಅಕ್ಕಿ ಆರಿಸಿ ಜನ ಮತ್ತೆ ಒಗೆಯಬೇಕು. ಹಾಗೆ ಎರಡೆರಡು ಸಲ ಲಗ್ನವಾದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಒಬ್ಬಳನ್ನೇ.

ಪಳಗಿದ ಫೋಟೋಗ್ರಾಫರನ ಚೀಲ ಬಿಚ್ಚಿ ನೋಡಿದರೆ ನಾಲ್ಕು ನಾಲ್ಕರ ಗುಂಪು. ತುಂಬಿದ ಗುಂಪಿಗೆ ರಬ್ಬರ್ ಬ್ಯಾಂಡು, ಮುಗಿದದ್ದಕ್ಕೆ ಇಲ್ಲ. ಒಂದು ಗುಂಪಿನ ಸೆಲ್ಲನ್ನು ಇನ್ನೊಂದರ ಜೊತೆ ಬೆರೆಸುವಂತಿಲ್ಲ. ಕಾರಣವಿದೆ. ಸಾಲಿನಲ್ಲಿ ಒಂದು ಸೆಲ್ಲು ಮುದುಕಾಗಿದ್ದರೆ ಅದು ಮೊದಲು ಬರಿದಾಗುತ್ತದೆ, ಉಳಿದ ಮೂರು ಅದನ್ನು ಬಿಡದೆ ತಳ್ಳಿಕೊಂಡು ಹೋಗಿ ಪ್ಲಸ್ಸು ಮೈನಸ್ಸೇ ತಿರುವು ಮುರುವಾಗುವ ಮಟ್ಟಕ್ಕೆ ತಂದು ಕೆಡಿಸುತ್ತವೆ. ಆದ್ದರಿಂದ ಒಂದೇ ದಿನ ಕೊಂಡವು, ಒಟ್ಟಿಗೇ ತುಂಬುತ್ತವೆ, ಒಟ್ಟಿಗೇ ಮುಗಿಯುತ್ತವೆ. ಸೆಲ್ಲಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕೊಂಡ ತಿಂಗಳು ಬರೆದುಕೊಂಡವರನ್ನೂ ನೋಡಿದ್ದೇನೆ. ತಮ್ಮ ಮಕ್ಕಳ ಹುಟ್ಟಿದ ತಾರೀಕು ಕೇಳಿದರೆ ಹೆಂಡತಿಯ ಮುಖ ನೋಡುವವರು ಅವರು.

ಇವರೂ ಮೊದಮೊದಲು ಚಾರ್ಜಿನ ಸೆಲ್ಲನ್ನು ಬೈದವರೇ, ಅದು ನ್ಯಾಯವಾದ ಬೈಗುಳವೇ. ಹಳೆಯ ಕಾಲದ ನಿಕಲ್-ಕ್ಯಾಡ್ಮಿಯಮ್ ಸೆಲ್ಲಿಗೆ ಪೂರ್ತಿ ಖಾಲಿಯಾಗುವ ಮುಂಚೆ ಪದೇ ಪದೇ ತುಂಬಿಸಿದರೆ ಅಷ್ಟಕ್ಕೇ ಒಗ್ಗಿಕೊಳ್ಳುವ ಚಾಳಿ ಎಂಬ ಹೆಸರಿತ್ತು, ಮೇಲೆ ಕ್ಯಾಡ್ಮಿಯಮ್ಮಿನ ವಿಷ ಬೇರೆ. ಅದರ ನಂತರ ಬಂದ ಹೈಡ್ರೈಡಿನದು ಒಳ್ಳೆಯದೇ, ಆದರೆ ಸೋರುತ್ತಿತ್ತು. ದಸರೆಗೆ ತುಂಬಿಸಿಟ್ಟು ಮರೆತರೆ ಸಂಕ್ರಾಂತಿಗೆ ಅರ್ಧ ಮಾಯ. ಬಳಸದೆಯೇ! 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ಎನಿಲೂಪ್ ಎಂಬುದನ್ನು ತಂದ ಮೇಲೆ ಈ ಸೋರಿಕೆ ನಿಂತಿತು ಎನ್ನಬಹುದು. ತುಂಬಿಸಿ ವರ್ಷ ಬಿಟ್ಟು ತೆಗೆದರೂ ಮುಕ್ಕಾಲು ಪಾಲಿಗಿಂತ ಹೆಚ್ಚು ಉಳಿದಿರುತ್ತದೆ. ನೂರಾರು ಸಲ ತುಂಬಿಸಬಹುದು. ಈಗ ಅದೇ ತರಹದ್ದನ್ನು ಬೇರೆ ಕಂಪನಿಗಳೂ ಮಾಡುತ್ತವೆ. ಹಾಗಾಗಿ ಚಾರ್ಜಿನ ಸೆಲ್ಲಿನ ಬಗ್ಗೆ ಇಪ್ಪತ್ತು ವರ್ಷದ ಹಿಂದಿನ ಬೈಗುಳವನ್ನೇ ಈಗಲೂ ಹೇಳುತ್ತಾ ಕೂತವರು ಕಾಕಾ ಒಬ್ಬರೇ ಅಲ್ಲ.

ಹಾಗಂತ ಸಿಕ್ಕದ್ದನ್ನು ಕೊಳ್ಳುವಂತಿಲ್ಲ. ಜಾತ್ರೆಯ ಅಂಗಡಿಗಳಲ್ಲಿ ಸೆಲ್ಲಿನ ಮೇಲೆ ದೊಡ್ಡ ಅಕ್ಷರದಲ್ಲಿ 4600 ಎಂದು ಬರೆದಿರುತ್ತದೆ, ಮಿಲಿಆಂಪಿಯರ್-ಗಂಟೆ. ಪೆನ್ಸಿಲ್ ಸೆಲ್ಲಿನ ಆ ಗಾತ್ರದಲ್ಲಿ ಹೈಡ್ರೈಡಿನ ಜಾತಿಗೆ 2000ದಿಂದ 2700ರ ಆಸುಪಾಸು ಹಿಡಿಸುವುದೇ ಹೆಚ್ಚು. 4600 ಎಂದು ಬರೆದಿದ್ದರೆ ಬರೆದವನ ಕೈ ದೊಡ್ಡದು ಅಷ್ಟೇ. ಹಾಗೆಯೇ, ಅಂಗಡಿಯ ಸಾದಾ ಸೆಲ್ಲನ್ನು ಚಾರ್ಜರಿಗೆ ಸಿಕ್ಕಿಸಿ ‘ಇದೂ ತುಂಬೀತು’ ಎನ್ನುವವರಿಗೆ ಒಂದು ಮಾತು: ತುಂಬುವುದಿಲ್ಲ, ಸೋರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಅದರೊಳಗೆ ಸತುವು ಕರಗಿ ಹೋಗಿರುತ್ತದೆ. ಹೋದದ್ದು ಹೋದ ಜಾಗಕ್ಕೆ ನೆಟ್ಟಗೆ ವಾಪಸು ಬಂದು ಕೂರುವ ವ್ಯವಸ್ಥೆ ಅಲ್ಲಿಲ್ಲ.

ಚಳಿಗಾಲದಲ್ಲಿ ಕಾಕಾರ ಒಂದು ಹವ್ಯಾಸ ಶಿರಹಟ್ಟಿ ಕಡೆಯ ಮಾಗಡಿ ಕೆರೆ. ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದು ಇಳಿಯುವ ಕೆರೆ. 2024ರಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಬೆಳಗಿನ ಜಾವ ಹಿಂಡು ಹಿಂಡಾಗಿ ಎದ್ದು ಹೊಲಗಳತ್ತ ಹೊರಟಾಗ ನೋಡಬೇಕು. ಕಾಕಾ ನೋಡಿದ್ದಾರೆ, ಫೋಟೋ ಮಾತ್ರ ಇಲ್ಲ. ಹಕ್ಕಿ ಏಳುವ ಹೊತ್ತಿಗೂ ಅವರ ಕ್ಯಾಮೆರಾ ನಾಲಗೆ ಚಾಚಿ ಮಲಗುವ ಹೊತ್ತಿಗೂ ಏನೋ ಒಪ್ಪಂದ ಇದ್ದಂತಿದೆ. ಆದರೆ ವಾದಕ್ಕೆ ಅವರು ಮಾಗಡಿಯನ್ನೇ ಹಿಡಿದರು. “ಇಲ್ಲಿ ಸೆಲ್ ಸತ್ತರ ಊರಾಗಿನ ಅಂಗಡ್ಯಾಗ ಹೊಸಾವು ಸಿಗ್ತಾವು. ನಿನ್ನ ಚಾರ್ಜಿನಾವು ಸತ್ತರ ಹೆಬ್ಬಾತು ಎಬ್ಬಸ್ತಾವೇನು?”

ಮಾತು ನಿಜ. ಪೆನ್ಸಿಲ್ ಸೆಲ್ಲಿನ ಕ್ಯಾಮೆರಾದ ದೊಡ್ಡ ಗುಣವೇ ಅದು. ಚಾರ್ಜಿನದೂ ಸೈ, ಅಂಗಡಿಯದೂ ಸೈ. ಪ್ಯಾಕಿನ ಕ್ಯಾಮೆರಾ ಹೊತ್ತು ತಂದವನ ಚಾರ್ಜು ಮುಗಿದರೆ ಅವನು ಮಾಗಡಿಯಲ್ಲಿ ಬರಿಗೈ. ಕಾಕಾರಿಗೆ ನಾನು ಹೇಳಿದ್ದೂ ಇಷ್ಟೇ, ಚಾರ್ಜಿನದು ಒಳಗಿರಲಿ, ಅಲ್ಕಲೈನಿನ ಜೊತೆಯೊಂದು ಕಿಸೆಯಲ್ಲಿರಲಿ. ಗಡಿಯಾರಕ್ಕೆ ಮಾತ್ರ ಅಂಗಡಿಯ ಸಾದಾ ಸೆಲ್ಲೇ ಇರಲಿ. ವರ್ಷಕ್ಕೊಮ್ಮೆ ಬದಲಾಯಿಸುವುದಕ್ಕೆ ಚಾರ್ಜಿನದು ದಂಡ.

ಇಷ್ಟೆಲ್ಲ ವಾದ ನಡೆದರೂ ಕೆಲಸ ಮಾಡಿದ್ದು ಚಿಗವ್ವ, ಬಾಯಿ ಬಿಡದೆ. ಮಗಳ ಕೈಲಿ ಹೇಳಿ ಪುಣೆಯಿಂದ ನಾಲ್ಕು ಚಾರ್ಜಿನ ಸೆಲ್ಲು, ಒಂದು ಚಾರ್ಜರು ತರಿಸಿದಳು. ಕಾಕಾರಿಗೆ ಈಚೆಗೆ ಪ್ಲಸ್ಸು ಮೈನಸ್ಸಿನ ಗುರುತು ಕಾಣುವುದಿಲ್ಲವಾದ್ದರಿಂದ ಕ್ಯಾಮೆರಾಕ್ಕೆ ಸೆಲ್ಲು ಹಾಕುವ ಕಸುಬು ಅವಳದೇ. ರಾತ್ರಿ ಎಲ್ಲ ಉಂಡಾದ ಮೇಲೆ ಹಾಲಿಗೆ ಹೆಪ್ಪು ಹಾಕುವಾಗ ಪಕ್ಕದ ಪ್ಲಗ್ಗಿಗೆ ಸೆಲ್ಲೂ ಹಾಕಿಬಿಡುತ್ತಿದ್ದಳು. ಚಾರ್ಜಿನ ಸೆಲ್ಲು ಬೇಡುವುದು ಹೆಪ್ಪಿನ ಶಿಸ್ತನ್ನೇ: ರಾತ್ರಿ ನೆನಪಾಗಬೇಕು, ಬೆಳಗ್ಗೆ ನೆನಪಾದರೆ ಆ ದಿನ ಮೊಸರಿಲ್ಲ. ಗಂಡಸರು ಈ ಸೆಲ್ಲು ಬೈಯುವುದೇಕೆ ಎಂದು ನನಗೆ ಹೊಳೆದದ್ದು ಆಗಲೇ. ಅಂಗಡಿಯ ಸೆಲ್ಲಿಗೆ ರೊಕ್ಕ ಸಾಕು, ಇದಕ್ಕೆ ಹಿಂದಿನ ರಾತ್ರಿಯ ನೆನಪು ಬೇಕು. ರೊಕ್ಕ ಕಾಕಾರ ಕಿಸೆಯಲ್ಲಿತ್ತು. ನೆನಪು ಮೊದಲಿನಿಂದಲೂ ಚಿಗವ್ವನ ಖಾತೆ.

ಕಾಕಾರಿಗೆ ಸುದ್ದಿಯೇ ಇಲ್ಲ. ಕ್ಯಾಮೆರಾ ಒಮ್ಮೆಲೇ ಹುರುಪಾಯಿತು. ಒಂದು ಸೀಮಂತ ಪೂರ್ತಿ ತೆಗೆದರು, ಲಕ್ಕುಂಡಿಯ ಗುಡಿ ಗುಡಿ ತಿರುಗಿ ತೆಗೆದರು, ಮಾಗಡಿಯ ಹೆಬ್ಬಾತೂ ಸಿಕ್ಕಿತು, ಬಾಲದ ಕಡೆಯಿಂದಾದರೂ. “ಈಗಿನ ಸೆಲ್ ಭಾಳ ಚಲೋ ಬರಾಕತ್ತಾವು” ಎಂದು ಪಾನ್ ಅಂಗಡಿಯವನನ್ನು ನಿಂತು ಹೊಗಳಿದರು. ಅವನೂ “ಕಂಪನಿ ಬದಲು ಮಾಡೇನ್ರಿ ಕಾಕಾ” ಎಂದು ವಿನಯದಿಂದ ಒಪ್ಪಿಕೊಂಡ. ವ್ಯಾಪಾರಿ ಎಂದರೆ ಅವನು.

ಗುಟ್ಟು ಎಷ್ಟು ದಿನ ನಿಂತೀತು? ಒಮ್ಮೆ ಕ್ಯಾಮೆರಾ ಕೈಜಾರಿ ಕೆಳಗಿನ ಬಾಗಿಲು ತೆರೆದು ಸೆಲ್ಲು ಉರುಳಿದವು. ಬಿಳಿ ಬಣ್ಣದವು. ಕಾಕಾ ಕನ್ನಡಕ ಹಾಕಿಕೊಂಡು ಓದಿದರು, ಚಿಗವ್ವನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಬೈಗುಳಕ್ಕೆ ನಾನು ತಯಾರಾದೆ. ಅವರು ಕೇಳಿದ್ದು ಒಂದೇ: “ಇವು ಎಷ್ಟ್ ತಿಂಗಳಿಂದ ಅದಾವು?” ಚಿಗವ್ವ ಹೇಳಿದಳು. ಕಾಕಾ ಮನಸ್ಸಿನಲ್ಲೇ ಅಷ್ಟು ತಿಂಗಳ ಸೆಲ್ಲಿನ ಖರ್ಚು ಕೂಡಿಸಿದ್ದು ಮುಖದ ಮೇಲೆ ಕಾಣಿಸುತ್ತಿತ್ತು. ಮೊತ್ತ ಬಂದ ಕೂಡಲೇ ಅವರು ಮತಾಂತರವಾದರು.

ಹೊಸದಾಗಿ ಮತ ಬದಲಿಸಿದವರ ನಿಷ್ಠೆ ನಿಮಗೆ ಗೊತ್ತಿದ್ದದ್ದೇ. ಈಗ ಕಾಕಾ ಸಿಕ್ಕವರಿಗೆಲ್ಲ ಸೆಲ್ಲಿನ ಉಪದೇಶ ಮಾಡುತ್ತಾರೆ. 2022ರಲ್ಲಿ ಬ್ಯಾಟರಿ ಕಸದ ನಿಯಮಗಳು ಬಂದಿವೆ, ಮುಗಿದ ಸೆಲ್ಲನ್ನು ವಾಪಸು ಪಡೆಯುವ ಹೊಣೆ ತಯಾರಿಸಿದವರದು ಎಂದು ನಾನು ಬಾಯಿತಪ್ಪಿ ಹೇಳಿದ್ದಕ್ಕೆ, ಓಣಿಯ ಸತ್ತ ಸೆಲ್ಲೆಲ್ಲ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಕೂಡಿಹಾಕಿ ನನ್ನ ಮನೆಗೆ ತಂದಿಟ್ಟಿದ್ದಾರೆ. “ನೀನ ಹೇಳಿದ್ದೆಲ್ಲ, ತಗೋ, ಕಂಪನಿಗಿ ಮುಟ್ಟಸು.” ಡಬ್ಬಿ ಇನ್ನೂ ನನ್ನ ಮೇಜಿನ ಕೆಳಗಿದೆ.

ಯಾವ ಕಾರ್ಯಕ್ಕೆ ಹೋದರೂ ಅವರು ಮೊದಲು ಕೇಳುವುದು “ಪ್ಲಗ್ ಎಲ್ಲೈತಿ?” ಬೀಗರ ಯೋಗಕ್ಷೇಮ ಆಮೇಲೆ. ಕಳೆದ ವೈಶಾಖದಲ್ಲಿ ಸಂಬಂಧಿಕರ ಲಗ್ನ. ಕಲ್ಯಾಣ ಮಂಟಪದ ವೇದಿಕೆಯ ಪಕ್ಕ ಒಂದೇ ಬೋರ್ಡು, ಅದರಲ್ಲಿ ಎಲ್ಲ ಪಿನ್ನೂ ತುಂಬಿದ್ದವು. ಕಾಕಾ ಯಾವುದೋ ಒಂದನ್ನು ಕಿತ್ತು ತಮ್ಮ ಚಾರ್ಜರು ಸಿಕ್ಕಿಸಿ, ಕೆಂಪು ದೀಪ ಹೊತ್ತಿದ್ದು ನೋಡಿ ತೃಪ್ತಿಯಿಂದ ಕೈಕಟ್ಟಿ ನಿಂತರು. ಅತ್ತ ಮಂಗಳಾಷ್ಟಕ ಅರ್ಧಕ್ಕೆ ನಿಂತಿತು. ಶಾಸ್ತ್ರಿಗಳ ತುಟಿ ಅಲ್ಲಾಡುತ್ತಿದೆ, ದನಿ ಇಲ್ಲ. ಅಕ್ಕಿಕಾಳು ಹಿಡಿದ ಕೈಗಳು ಯಾವಾಗ ಒಗೆಯಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತವು. ಸೌಂಡಿನ ಹುಡುಗ ವೈರು ಹಿಡಿದುಕೊಂಡು, ಅದರ ದಾರಿಯನ್ನೇ ಅನುಸರಿಸುತ್ತಾ ನಮ್ಮ ಹತ್ತಿರ ಬಂದ.

“ಯಾರ್ರೀ ಮೈಕಿನ ಪಿನ್ ಕಿತ್ತಾಂವ?”

ಕಾಕಾ ಅವನ ಹೆಗಲ ಮೇಲೆ ಕೈ ಹಾಕಿದರು. “ತಮ್ಮಾ, ಸೆಲ್ಲಿನ ಮೈಕ್ ಇಲ್ಲೇನು ನಿನ್ನ ಹತ್ರ? ನನ್ನ ಕಡೆ ಎರಡು ತುಂಬಿದಾವು ಅದಾವು, ಹಾಕ್ಕೊ. ಸಂಜಿಗೆ ಮರೀದ ವಾಪಸ್ ಕೊಡು, ನಾಲ್ಕೂ ಜೋಡೀನ ಇರಬೇಕು ಅವು.”